ಕಲರ್ ಡಾಪ್ಲರ್ ಮಾಡಿಸಿದರೆ ಎಲ್ಲ ಕಾಣುತ್ತದೆಯೇ?

ಪಾವಗಡ, ಮಧುಗಿರಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೇ ತುಮಕೂರಿಗೆ ಸ್ಕ್ಯಾನಿಂಗ್‌ಗೆ (ಅಲ್ಟ್ರಾಸೌಂಡ್‌ಗೆ) ಬಂದವರು ಆಗಾಗ ಕೇಳುವ ಮಾತು: ‘ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ, ಕಲರ್ರೇ ಮಾಡ್ಬಿಡಿ ಸಾರ್.’ ಕಪ್ಪು-ಬಿಳುಪು ಟಿವಿ ಹೋಗಿ ಕಲರ್ ಟಿವಿ ಬಂದಂತೆ ಇದೂ ಎಂಬ ಲೆಕ್ಕ. ಆದರೆ ಡಾಪ್ಲರ್‌ನ ಕೆಂಪು-ನೀಲಿ ಅಂಗದ ಬಣ್ಣವಲ್ಲ, ರಕ್ತದ ಬಣ್ಣವೂ ಅಲ್ಲ. ಅದೇ ಯಂತ್ರದಲ್ಲಿ ರಕ್ತದ ಹರಿವನ್ನು ತೋರಿಸುವ ವಿಧಾನ ಡಾಪ್ಲರ್. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪ್ರೋಬ್ (ಮೈಮೇಲಿಟ್ಟು ಆಡಿಸುವ ಉಪಕರಣ) ಕಡೆಗೆ ಹರಿಯುವ ರಕ್ತ ಕೆಂಪು, ಅದರಿಂದ ದೂರ ಹೋಗುವುದು ನೀಲಿ. ಒಂದು ಬಟನ್ ಒತ್ತಿದರೆ ಎರಡೂ ಅದಲುಬದಲು. ಹಾಗಾಗಿ ಕೆಂಪಾಗಿ ಕಂಡದ್ದೆಲ್ಲ ಅಪಧಮನಿ ಎಂದುಕೊಳ್ಳುವಂತಿಲ್ಲ.

ಹೆಚ್ಚಿನ ಕೆಲಸ ಮಾಡುವುದು ಕಪ್ಪು-ಬಿಳುಪಿನ ಬಿ-ಮೋಡ್. ಪ್ರೋಬ್‌ನ ಹರಳುಗಳು ಶಬ್ದದ ತುಣುಕನ್ನು ಒಳಗೆ ಕಳಿಸಿ ಪ್ರತಿಧ್ವನಿಗೆ ಕಾಯುತ್ತವೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ಹಿಡಿದುಕೊಂಡಿರುತ್ತದೆ. 15 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸುಮಾರು 195 ಮೈಕ್ರೋಸೆಕೆಂಡ್; ಅಷ್ಟರಲ್ಲಿ ಚಿತ್ರದ ಒಂದು ಗೆರೆ ಸಿದ್ಧ. ಅಂಥ 128 ಗೆರೆ ಸೇರಿದರೆ ಒಂದು ಚಿತ್ರ. ಸೆಕೆಂಡಿಗೆ ಸುಮಾರು 40 ಚಿತ್ರ. ಆಳವನ್ನು ಸುಮ್ಮನೆ 25 ಸೆಂ.ಮೀ.ಗೆ ಏರಿಸಿಟ್ಟರೆ ಅದು 24ರ ಆಸುಪಾಸಿಗೆ ಇಳಿಯುತ್ತದೆ. ಶಬ್ದದ ಕಂಪನ (ಫ್ರೀಕ್ವೆನ್ಸಿ) ಹೊಟ್ಟೆಗೆ 2ರಿಂದ 5 ಮೆಗಾಹರ್ಟ್ಸ್, ಥೈರಾಯ್ಡ್‌ನಂಥ ಮೇಲ್ಪದರದ ಅಂಗಕ್ಕೆ 7ರ ಮೇಲೆ. ಕಂಪನ ಹೆಚ್ಚಿದಷ್ಟೂ ವಿವರ ಹೆಚ್ಚು, ಆಳ ಕಡಿಮೆ. ಜೆಲ್ ಹಚ್ಚುವುದು ಜಾರಲಿ ಎಂದಷ್ಟೇ ಅಲ್ಲ. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದವೆಲ್ಲ ಅಲ್ಲಿಂದಲೇ ವಾಪಸ್.

ಪಿತ್ತಕೋಶದ ಕಲ್ಲು ಬಿಳಿ ಕಮಾನಿನಂತೆ ಕಂಡು, ಹಿಂದೆ ಕಪ್ಪು ನೆರಳು ಬಿಡುತ್ತದೆ. ಎಡಮಗ್ಗುಲಿಗೆ ಹೊರಳಿಸಿದರೆ ಉರುಳಬೇಕು; ಉರುಳದೆ, ನೆರಳನ್ನೂ ಬಿಡದೆ ಗೋಡೆಗೆ ಅಂಟಿದ್ದರೆ ಪಾಲಿಪ್ (ಗೋಡೆಯಲ್ಲೇ ಬೆಳೆದ ಸಣ್ಣ ಗಂಟು) ಇರಬಹುದು. ಇದಕ್ಕೆ ಬಣ್ಣ ಬೇಡ, ಆರು ಗಂಟೆ ಖಾಲಿ ಹೊಟ್ಟೆ ಬೇಕು. ‘ಏನೂ ತಿಂದಿಲ್ಲ, ಬಸ್‌ಸ್ಟ್ಯಾಂಡಲ್ಲಿ ಒಂದು ಟೀ ಅಷ್ಟೆ’ ಎನ್ನುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಲಿನ ಕೊಬ್ಬಿಗೆ ಪಿತ್ತಕೋಶ ಮುದುಡಿದರೆ, ಸಣ್ಣ ಕಲ್ಲು ಮಡಿಕೆಯಲ್ಲಿ ಅಡಗಿಬಿಡುತ್ತದೆ. ಬರೀ ನೀರಿಗೆ ಅಡ್ಡಿಯಿಲ್ಲ.

ಕಿಡ್ನಿ ಕಲ್ಲಿನಲ್ಲಿ ಮಾತ್ರ ಬಣ್ಣ ಒಂದು ವಿಚಿತ್ರ ಉಪಕಾರ ಮಾಡುತ್ತದೆ. ಕಿಡ್ನಿಯ ನಡುವಿನ ಕೊಬ್ಬೂ ಬೆಳ್ಳಗೇ ಕಾಣುವುದರಿಂದ 3-4 ಮಿ.ಮೀ. ಕಲ್ಲು ಅದರಲ್ಲಿ ಕಳೆದುಹೋಗುತ್ತದೆ. ಕಲರ್ ಹಾಕಿದರೆ ಒರಟು ಕಲ್ಲಿನ ಹಿಂದೆ ಕೆಂಪು-ನೀಲಿ ಮಿಣುಮಿಣುಕು. ಅಲ್ಲಿ ರಕ್ತ ಹರಿಯುತ್ತಿಲ್ಲ, ಯಂತ್ರಕ್ಕಾದ ಭ್ರಮೆ ಅದು. ನಮಗೆ ಉಪಯೋಗದ ಭ್ರಮೆ. ಎಲ್ಲ ಕಲ್ಲೂ ಮಿಣುಕುವುದಿಲ್ಲ ಎಂಬುದೂ ನೆನಪಿರಬೇಕು.

ಎಂ-ಮೋಡ್ ಎಂದರೆ ಚಿತ್ರದ ಒಂದೇ ಗೆರೆಯನ್ನು ಕಾಲದುದ್ದಕ್ಕೂ ಬರೆಯುತ್ತ ಹೋಗುವುದು. ಏಳನೇ ವಾರದ ಭ್ರೂಣದ ಎದೆಬಡಿತ ಎಣಿಸಲು ಇದೇ ಸರಿ. ಬಡಿತದ ಸದ್ದು ಕೇಳಿಸುವ ಪಲ್ಸ್ಡ್ ಡಾಪ್ಲರ್ ಒಂದೇ ಜಾಗಕ್ಕೆ ಹೆಚ್ಚು ಶಕ್ತಿ ಸುರಿಯುತ್ತದೆ; ಆ ಹಂತದಲ್ಲಿ ‘ಸೌಂಡ್ ಕೇಳ್ಸಿ’ ಎಂದು ಮನೆಯವರು ಕೇಳಿದರೂ ಬೇಡ ಎನ್ನಬೇಕು.

ಇನ್ನು ವೇಗ ಅಳೆಯುವ ಸ್ಪೆಕ್ಟ್ರಲ್ ಡಾಪ್ಲರ್. ಸೆಕೆಂಡಿಗೆ ಅರ್ಧ ಮೀಟರ್ ಓಡುವ ರಕ್ತಕ್ಕೆ 5 ಮೆಗಾಹರ್ಟ್ಸ್ ಶಬ್ದ 60 ಡಿಗ್ರಿ ಕೋನದಲ್ಲಿ ಬಡಿದರೆ, ವಾಪಸಾಗುವ ಕಂಪನದಲ್ಲಿ ಸುಮಾರು 1600 ಹರ್ಟ್ಸ್ ವ್ಯತ್ಯಾಸ. ಅದು ಕಿವಿಗೆ ಕೇಳುವ ಮಟ್ಟದ್ದು, ಸ್ಪೀಕರ್‌ನಲ್ಲಿ ಬರುವ ‘ಶ್ಶೂ ಶ್ಶೂ’ ಅದೇ. ಎಡವಟ್ಟಾಗುವುದು ಕೋನದಲ್ಲಿ; ವೇಗದ ಲೆಕ್ಕ ನಿಂತಿರುವುದು ಅದರ ಕೊಸೈನ್ ಮೇಲೆ. 90 ಡಿಗ್ರಿಗೆ ಕೊಸೈನ್ ಸೊನ್ನೆ, ಹರಿವಿದ್ದರೂ ಕಾಣದು. ಕುತ್ತಿಗೆಯ ಕ್ಯಾರೊಟಿಡ್ ನಾಳದಲ್ಲಿ ನಿಜವಾದ ಕೋನ 60 ಇದ್ದು, ಯಂತ್ರಕ್ಕೆ ಕೋನ ತಿಳಿಸುವ ಕರ್ಸರ್ ಅನ್ನು 65ಕ್ಕೆ ತಿರುಗಿಸಿಟ್ಟರೆ ವೇಗ ಶೇ. 18ರಷ್ಟು ಉಬ್ಬುತ್ತದೆ. ಸೆಕೆಂಡಿಗೆ 110 ಸೆಂ.ಮೀ. ಇದ್ದದ್ದು 130 ಆಗುತ್ತದೆ. 125 ದಾಟಿದರೆ ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರಬಹುದು ಎಂಬುದು ವಾಡಿಕೆಯ ಮಿತಿ. ಐದು ಡಿಗ್ರಿಯ ಉದಾಸೀನಕ್ಕೆ ಇಲ್ಲದ ರೋಗ ರಿಪೋರ್ಟ್‌ಗೆ ಬರುತ್ತದೆ. ಹೊಕ್ಕುಳಬಳ್ಳಿಯ ಡಾಪ್ಲರ್‌ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ನೋಡುವುದು ಎರಡು ವೇಗಗಳ ಅನುಪಾತ, ಭಾಗಿಸುವಾಗ ಕೋನ ಮೇಲೂ ಕೆಳಗೂ ಹೊಡೆದುಹೋಗುತ್ತದೆ.

ಇನ್ನೊಂದು ಮೋಸ ಏಲಿಯಾಸಿಂಗ್. ಸ್ಕೇಲ್ (ಬಣ್ಣದಲ್ಲಿ ತೋರಿಸಲು ಹೊಂದಿಸಿಟ್ಟ ವೇಗದ ವ್ಯಾಪ್ತಿ) ಮಿತಿ ಮೀರಿದ ವೇಗ ಪಲ್ಟಿ ಹೊಡೆದು ವಿರುದ್ಧ ಬಣ್ಣದಲ್ಲಿ ಕಾಣುತ್ತದೆ. ರಕ್ತ ನಿಜವಾಗಿ ತಿರುಗಿ ಹರಿಯುತ್ತಿದ್ದರೆ ಕೆಂಪು-ನೀಲಿ ನಡುವೆ ಕಪ್ಪು ಗೆರೆ ಇರುತ್ತದೆ. ಏಲಿಯಾಸಿಂಗ್ ಆದರೆ ಕೆಂಪು ಹಳದಿಯಾಗಿ, ತಿಳಿನೀಲಿಯ ಮೂಲಕವೇ ನೀಲಿಗೆ ದಾಟುತ್ತದೆ. ಹಾಗೆಂದು ಸ್ಕೇಲ್ ಏರಿಸಿಯೇ ಇಟ್ಟರೂ ಅಪಾಯ. ಹುಡುಗನೊಬ್ಬ ವೃಷಣದ ನೋವೆಂದು ಬಂದಾಗ ಹಿಂದಿನ ರೋಗಿಯ ಕ್ಯಾರೊಟಿಡ್ ಸೆಟ್ಟಿಂಗ್ ಹಾಗೇ ಇದ್ದರೆ, ಅಲ್ಲಿನ ನಿಧಾನದ ಹರಿವು ಕಾಣುವುದೇ ಇಲ್ಲ. ವೃಷಣ ತಿರುಚಿಕೊಂಡಿದೆ ಎಂಬ ತಪ್ಪು ತೀರ್ಮಾನಕ್ಕೆ ದಾರಿ. ಸ್ಕೇಲ್ ಸೆಕೆಂಡಿಗೆ 5 ಸೆಂ.ಮೀ. ಆಸುಪಾಸಿಗೆ ಇಳಿಸಿ, ನಿಧಾನದ ಚಲನೆಯನ್ನು ಸೋಸಿ ತೆಗೆಯುವ ವಾಲ್ ಫಿಲ್ಟರ್ ತಗ್ಗಿಸಿ, ಮೊದಲು ನೋವಿಲ್ಲದ ಕಡೆ ಹರಿವು ಸಿಗುವ ತನಕ ಹೊಂದಿಸಬೇಕು. ಆಮೇಲೆ ನೋವಿನ ಕಡೆಗೆ. ನಿಜವಾಗಿ ತಿರುಚಿದ್ದರೆ ಆರು ಗಂಟೆಯೊಳಗೆ ಆಪರೇಷನ್ ಆಗಬೇಕಾದ ಸಂಗತಿ, ಇಲ್ಲಿ ಹೊತ್ತು ಕಳೆಯುವಂತಿಲ್ಲ.

ಕಾಲು ಊದಿಕೊಂಡು, ‘ವೀನಸ್ ಡಾಪ್ಲರ್’ (ಅಭಿಧಮನಿಗಳ ಡಾಪ್ಲರ್) ಎಂಬ ಚೀಟಿ ಹಿಡಿದು ಬಂದವರಿಗೂ ಮುಖ್ಯ ಪರೀಕ್ಷೆ ಡಾಪ್ಲರ್ ಅಲ್ಲ. ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ ಒಂದೆರಡು ಸೆಂ.ಮೀ.ಗೊಮ್ಮೆ ಪ್ರೋಬ್ ಒತ್ತುತ್ತ ಹೋಗುವುದು. ಪಕ್ಕದ ಅಪಧಮನಿ ಸ್ವಲ್ಪ ಚಪ್ಪಟೆಯಾಗುವಷ್ಟರಲ್ಲಿ ಅಭಿಧಮನಿ ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ಒಳಗೆ ಹೆಪ್ಪು. ಮೊದಲೇ ಕಲರ್ ಹಾಕಿ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಬಣ್ಣ ಚೆಲ್ಲಿ, ಗೋಡೆಗೆ ಅಂಟಿದ ಹೆಪ್ಪಿನ ಮೇಲೂ ಹರಡಿ ಅದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಒತ್ತುವಾಗ ಪರದೆ ಕಪ್ಪು-ಬಿಳುಪಿನಲ್ಲೇ ಇರಬೇಕು.