ಬಂಡೆಯ ನೀರು ಅಳೆಯಬೇಕಾದರೆ ಎಣ್ಣೆಯಲ್ಲಿ ಕೊರೆಯಬೇಕು

ತೈಲ ನಿಕ್ಷೇಪ ಅಂದ ತಕ್ಷಣ ನೆಲದಡಿ ದೊಡ್ಡದೊಂದು ಎಣ್ಣೆ ಕೆರೆ ಇದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲಿ ಕೆರೆ ಇಲ್ಲ. ಇರುವುದು ಗಟ್ಟಿ ಬಂಡೆ, ಹೆಚ್ಚಾಗಿ ಮರಳುಗಲ್ಲು ಅಥವಾ ಸುಣ್ಣದಕಲ್ಲು. ಅದರ ಕಣಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು, ಆ ರಂಧ್ರಗಳಲ್ಲಿ ಎಣ್ಣೆ. ಎಣ್ಣೆ ಒಂದೇ ಅಲ್ಲ, ಅದು ಬಂದು ಸೇರುವ ಮೊದಲೇ ಅಲ್ಲಿದ್ದ ಉಪ್ಪುನೀರು ಕೂಡ ಸ್ವಲ್ಪ ಉಳಿದುಕೊಂಡಿರುತ್ತದೆ.

ಈ ನೀರು ಎಷ್ಟಿದೆ ಅನ್ನುವುದೇ ದೊಡ್ಡ ಪ್ರಶ್ನೆ. ಒಂದು ನಿಕ್ಷೇಪದ ರಂಧ್ರಗಳಲ್ಲೆಲ್ಲ ಸೇರಿ 100 ಕೋಟಿ ಬ್ಯಾರೆಲ್ ಜಾಗ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ನೀರು ಶೇಕಡಾ 20 ಇದೆಯೋ 30 ಇದೆಯೋ ಅನ್ನುವಷ್ಟರಲ್ಲೇ 10 ಕೋಟಿ ಬ್ಯಾರೆಲ್ ಎಣ್ಣೆಯ ವ್ಯತ್ಯಾಸ ಬಂದುಬಿಡುತ್ತದೆ.

ಹಾಗಾದರೆ ಬಂಡೆಯನ್ನೇ ಮೇಲೆ ತಂದು ನೋಡಬಹುದಲ್ವಾ? ತರುತ್ತಾರೆ. ನಡುವೆ ತೂತಿರುವ ಬಿಟ್ (ಕಲ್ಲು ಕೊರೆಯುವ ತುದಿ) ಬಳಸಿ ಸುತ್ತಲೂ ಕೊರೆದರೆ ಮಧ್ಯದಲ್ಲಿ ಕಂಬದಂಥ ಕಲ್ಲು ಉಳಿಯುತ್ತದೆ, ಸುಮಾರು 10 ಸೆಂಟಿಮೀಟರ್ ದಪ್ಪ, ಎಷ್ಟೋ ಮೀಟರ್ ಉದ್ದ. ಅದಕ್ಕೆ ಕೋರ್ ಅಂತ ಹೆಸರು. ಆದರೆ ಸುಮ್ನೆ ಒಣದಾಗಿ ಕೊರೆಯಲು ಆಗುವುದಿಲ್ಲ. ಬಿಟ್ ತಣ್ಣಗಿರಬೇಕು, ಪುಡಿಯಾದ ಕಲ್ಲು ಮೇಲೆ ಬರಬೇಕು, ಕೆಳಗಿನ ಒತ್ತಡಕ್ಕೆ ಎಣ್ಣೆ, ಅನಿಲ ಚಿಮ್ಮದಂತೆ ತಡೆಯಬೇಕು. ಈ ಮೂರೂ ಕೆಲಸಕ್ಕೆ ಬಾವಿಯೊಳಗೆ ಒಂದು ದ್ರವ ಸುತ್ತುತ್ತಲೇ ಇರುತ್ತದೆ. ಕೊರೆಯುವವರು ಅದನ್ನು ಮಡ್ ಅನ್ನುತ್ತಾರೆ.

ತೊಂದರೆ ಶುರುವಾಗುವುದು ಇಲ್ಲಿಂದ. ಮಡ್‌ನ ಒತ್ತಡವನ್ನು ಬಂಡೆಯೊಳಗಿನ ಒತ್ತಡಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟಿರುತ್ತಾರೆ, ಹಾಗಾಗಿ ಅದರ ತಿಳಿ ಭಾಗ ಬಂಡೆಯೊಳಕ್ಕೆ ಇಳಿಯುತ್ತದೆ. ಮಡ್ ನೀರಿನದಾದರೆ ಇಳಿಯುವುದೂ ನೀರೇ. ಆಮೇಲೆ ಕೋರ್ ಹಿಂಡಿ ನೀರು ಅಳೆದರೆ, ಯಾವುದು ಬಂಡೆಯದು, ಯಾವುದು ನಾವೇ ಕುಡಿಸಿದ್ದು? ಜೊತೆಗೆ ರಂಧ್ರಗಳಲ್ಲಿ ಕೆಲವು ಜಾತಿಯ ಜೇಡಿ ಇದ್ದರೆ ಅದು ಹೊಸ ನೀರು ತಗುಲಿದ ಕೂಡಲೇ ಊದಿಕೊಳ್ಳುತ್ತದೆ, ಇಲ್ಲವೇ ಕಿತ್ತುಕೊಂಡು ಹೋಗಿ ಕಿರಿದಾದ ದಾರಿಗಳನ್ನು ಮುಚ್ಚುತ್ತದೆ. ಎಣ್ಣೆ ಸಲೀಸಾಗಿ ಹರಿಯುತ್ತಿದ್ದ ಕಲ್ಲು ಪ್ರಯೋಗಾಲಯದಲ್ಲಿ ಬಿಗಿಯಾದ ಕಲ್ಲಿನಂತೆ ಕಾಣುತ್ತದೆ.

ನೀರಿನ ಬದಲು ಎಣ್ಣೆಯಿಂದ ಮಾಡಿದ ಎಣ್ಣೆ ಮಡ್ ಬಂದದ್ದು ಈ ಕಾರಣಕ್ಕೆ. ನನಗೆ ತುಂಬಾ ಇಷ್ಟವಾಗುವ ಉಪಾಯ ಇದು: ಯಾವುದನ್ನು ಅಳೆಯಬೇಕೋ ಅದನ್ನು ಹೊರಗಿನಿಂದ ಸೇರಿಸಲೇಬಾರದು. ಎಣ್ಣೆ ಪದರದ ಮೇಲ್ಭಾಗದಲ್ಲಿ ಉಳಿದ ನೀರು ಕಣಗಳಿಗೆ ಅಂಟಿಕೊಂಡು, ಸಂದುಗಳಲ್ಲಿ ಸಿಕ್ಕಿಕೊಂಡು ಕೂತಿರುತ್ತದೆ, ಕದಲುವುದಿಲ್ಲ. ಹೊರಗಿನಿಂದ ಎಣ್ಣೆ ನುಗ್ಗಿದರೂ ಅದು ತಳ್ಳುವುದು ಒಳಗಿದ್ದ ಎಣ್ಣೆಯನ್ನು ಮಾತ್ರ. ನೀರು ಇದ್ದಷ್ಟೇ ಇರುತ್ತದೆ. ಅಲಾಸ್ಕಾದಲ್ಲಿ 1968ರಲ್ಲಿ ಸಿಕ್ಕ ಪ್ರೂಡೋ ಬೇ ನಿಕ್ಷೇಪದ ನೀರಿನ ಪ್ರಮಾಣ ತಿಳಿಯಲು ಹೀಗೆ ಎಣ್ಣೆ ಮಡ್‌ನಲ್ಲಿ ತೆಗೆದ ಕೋರ್‌ಗಳನ್ನೇ ನೆಚ್ಚಿಕೊಂಡಿದ್ದರು.

ಆದರೆ ಯಾವ ಎಣ್ಣೆ ಮಡ್ ಆದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಮಾಮೂಲಿ ಎಣ್ಣೆ ಮಡ್‌ನಲ್ಲೂ ನೀರಿರುತ್ತದೆ, ಐದನೇ ಒಂದು ಪಾಲಿನಷ್ಟು ಇರುವುದೂ ಉಂಟು. ಆ ನೀರು ಸಣ್ಣ ಹನಿಗಳಾಗಿ ಎಣ್ಣೆಯಲ್ಲಿ ತೇಲುವಂತೆ ಮಾಡಲು ಸೋಪಿನಂಥ ರಾಸಾಯನಿಕ ಹಾಕುತ್ತಾರೆ. ಇದು ಬಂಡೆಗೆ ಕೆಡುಕು. ಕಣಗಳ ಮೈಯನ್ನು ಇಷ್ಟು ದಿನ ನೀರು ನೆನೆಸುತ್ತಿದ್ದರೆ ಈ ರಾಸಾಯನಿಕ ತಗುಲಿದ ಮೇಲೆ ಎಣ್ಣೆ ನೆನೆಸಲು ಶುರುಮಾಡುತ್ತದೆ. ಬಂಡೆಯ ಸ್ವಭಾವವೇ ತಿರುಗಿಬಿಟ್ಟಂತೆ. ನೀರು ನುಗ್ಗಿಸಿ ಎಷ್ಟು ಎಣ್ಣೆ ಹೊರಗೆ ತಳ್ಳಬಹುದು ಅನ್ನುವ ಪರೀಕ್ಷೆಗಳೆಲ್ಲ ಈ ಸ್ವಭಾವದ ಮೇಲೆ ನಿಂತಿವೆ, ಅದು ಕೆಟ್ಟರೆ ಎಷ್ಟೇ ಜಾಗರೂಕತೆಯಿಂದ ಪರೀಕ್ಷೆ ಮಾಡಿದರೂ ತಪ್ಪು ಉತ್ತರವೇ ಬರುತ್ತದೆ.

ಅದಕ್ಕೇ ಕೋರ್ ತೆಗೆಯಲು ಸೌಮ್ಯವಾದ ಮಡ್ ಬೇರೆಯೇ ಮಾಡುತ್ತಾರೆ. ಶುದ್ಧಗೊಳಿಸಿದ ಎಣ್ಣೆ, ನೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಸೋಪಿನಂಥದ್ದು ಆದಷ್ಟು ಕಡಿಮೆ, ಇದ್ದರೂ ಕಲ್ಲಿನ ಕಣಗಳಿಗೆ ಅಂಟದ ಜಾತಿಯದು. ತೂಕಕ್ಕೆ ಮತ್ತು ರಂಧ್ರದ ಬಾಯಿ ಮುಚ್ಚುವುದಕ್ಕೆ ಸುಣ್ಣದಕಲ್ಲಿನ ಪುಡಿ ಹಾಕುತ್ತಾರೆ. ಪುಡಿಯ ಅಳತೆಗೂ ಲೆಕ್ಕವಿದೆ. ಕಣಗಳು ರಂಧ್ರದ ಅಳತೆಯ ಮೂರನೇ ಒಂದು ಭಾಗಕ್ಕಿಂತ ತೀರಾ ಸಣ್ಣದಾದರೆ ಬಾಯಲ್ಲಿ ಸಿಕ್ಕಿಕೊಳ್ಳದೆ ಒಳಕ್ಕೆ ಹೋಗಿಬಿಡುತ್ತವೆ ಅನ್ನುವುದು 1977ರಿಂದ ಬಳಕೆಯಲ್ಲಿರುವ ನಿಯಮ. ಸರಿಯಾದ ಪುಡಿ ಬಾಯಲ್ಲೇ ಸೇತುವೆ ಕಟ್ಟುತ್ತದೆ, ಅದರ ಮೇಲೆ ತೆಳ್ಳಗೆ ಪದರ ಕೂರುತ್ತದೆ, ಸೋರುವುದು ನಿಲ್ಲುತ್ತದೆ. ಬಿಟ್ ಕೂಡ ಹಾಗೇ, ಮಡ್ ನೇರವಾಗಿ ಕೋರ್ ಮೇಲೆ ಬೀಳದಂತೆ ಮಡ್ ಹೊರಬರುವ ಅದರ ತೂತುಗಳನ್ನು ಹೊರಮುಖವಾಗಿ ಇಟ್ಟಿರುತ್ತಾರೆ.

ಅಳೆಯುವ ವಿಧಾನ ಮಾತ್ರ 1920ರಷ್ಟು ಹಳೆಯದು. ಕೋರ್‌ನ ತುಂಡನ್ನು ಕುದಿಯುವ ಟೊಲ್ಯೂಯಿನ್ ಅನ್ನುವ ದ್ರಾವಕದ ಆವಿಯಲ್ಲಿ ಇಟ್ಟರೆ ಕಲ್ಲಿನೊಳಗಿನ ನೀರೂ ಆವಿಯಾಗಿ ಮೇಲೇರುತ್ತದೆ, ತಣ್ಣಗಾಗಿ ಗೆರೆ ಹಾಕಿದ ಗಾಜಿನ ಕೊಳವೆಗೆ ಬೀಳುತ್ತದೆ. ಟೊಲ್ಯೂಯಿನ್‌ಗಿಂತ ಭಾರವಾದ್ದರಿಂದ ನೀರು ತಳದಲ್ಲಿ ನಿಲ್ಲುತ್ತದೆ. ಎಷ್ಟು ಮಿಲಿಲೀಟರ್ ಅಂತ ಕಣ್ಣಲ್ಲೇ ಓದಬಹುದು.

ಎಲ್ಲ ಕಡೆ ಇದು ನಡೆಯುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಎಣ್ಣೆ ಪದರದ ಕೆಳತುದಿಯಲ್ಲಿ ನೀರು ಸಡಿಲವಾಗಿ ಓಡಾಡುತ್ತಿರುತ್ತದೆ, ಅಲ್ಲಿ ಮಡ್‌ನ ಎಣ್ಣೆ ನುಗ್ಗಿದರೆ ನೀರನ್ನೇ ಹೊರಗೆ ತಳ್ಳುತ್ತದೆ, ಅಳತೆ ಕಡಿಮೆ ಬರುತ್ತದೆ. ಇನ್ನು ಕೋರ್ ಮೇಲೆ ಬಂದ ಮೇಲೆ ತಡ ಮಾಡುವಂತಿಲ್ಲ. ತುದಿಗಳನ್ನು ಮುಚ್ಚಿ, ಗಾಳಿಯಾಡದಂತೆ ಸುತ್ತಿ ಇಡಬೇಕು. ಅಷ್ಟು ಕಷ್ಟಪಟ್ಟು ಕಾಪಾಡಿದ ನೀರು, ಸುಮ್ಮನೆ ತೆರೆದಿಟ್ಟರೆ ಗಾಳಿಗೇ ಆರಿ ಹೋಗುತ್ತದೆ.