ಓದುಗರ ಪ್ರಶ್ನೆ: ಬಜೆಟ್ ಕಡಿತವಾದರೆ ನಮ್ಮ ಅವ್ವನ ಪಗಾರ ನಿಲ್ಲುತ್ತದೆಯೇ?

"ನಮ್ಮ ಅವ್ವಗ ತಿಂಗಳಿಗೆ 800 ರೂಪಾಯಿ ವಿಧವಾ ವೇತನ ಬರತೈತ್ರಿ. ಎರಡು ತಿಂಗಳಾತು, ರೊಕ್ಕ ಬಂದಿಲ್ಲ. ಸರ್ಕಾರದಾಗ ರೊಕ್ಕ ಇಲ್ಲ, ಬಜೆಟ್ ಕಡಿತ ಮಾಡ್ಯಾರ ಅಂತ ಊರಾಗ ಎಲ್ಲಾರೂ ಮಾತಾಡಾಕತ್ತಾರ. ಪಗಾರ ಬಂದ್ ಆದಂಗ ಏನ್ರಿ?" ಲಕ್ಷ್ಮೇಶ್ವರ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ.

ಮೊದಲು ಧೈರ್ಯದ ಮಾತು ಹೇಳುತ್ತೇನೆ. ಬಜೆಟ್ ಕಡಿತವಾಯಿತು ಅಂತ ಮಂಜೂರಾದ ಪಿಂಚಣಿಯನ್ನು ಬಂದ್ ಮಾಡುವುದಿಲ್ಲ. ನಿಮ್ಮ ಅವ್ವನ ಹೆಸರಿನಲ್ಲಿ ಮಂಜೂರಾತಿ ಆದೇಶ ಇದೆ. ಅದನ್ನು ರದ್ದು ಮಾಡಬೇಕಾದರೆ ಅವ್ವ ಅರ್ಹರಲ್ಲ ಎಂದು ಕಚೇರಿ ತೋರಿಸಬೇಕು. ಖಜಾನೆಯಲ್ಲಿ ಹಣ ಕಡಿಮೆ ಎನ್ನುವುದು ಅದಕ್ಕೆ ಕಾರಣ ಆಗುವುದಿಲ್ಲ.

ಹಾಗಾದರೆ ಎರಡು ತಿಂಗಳಿಂದ ಯಾಕೆ ಬಂದಿಲ್ಲ? ಇದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ನಿಮ್ಮ ಓಣಿಯಲ್ಲೇ ವಿಧವಾ ವೇತನ ಬರುವ ಇನ್ನಿಬ್ಬರನ್ನು ಕೇಳಿ. ಅವರಿಗೂ ಅದೇ ತಿಂಗಳಿಂದ ನಿಂತಿದ್ದರೆ ಮೇಲಿನಿಂದಲೇ ಹಣ ಬಿಡುಗಡೆ ತಡವಾಗಿದೆ. ಅವರಿಗೆ ಬಂದು ನಿಮ್ಮ ಅವ್ವನಿಗೆ ಮಾತ್ರ ಬಂದಿಲ್ಲ ಅಂದರೆ ತೊಂದರೆ ಇರುವುದು ಆಧಾರ್, ಬ್ಯಾಂಕ್ ಖಾತೆ ಅಥವಾ ಕಾಗದದಲ್ಲಿ. ಮೊದಲನೆಯದಕ್ಕೆ ಕಾಯಬೇಕು, ಕೇಳಬೇಕು. ಎರಡನೆಯದಕ್ಕೆ ಕಾಯುತ್ತಾ ಕೂತರೆ ತಿಂಗಳು ದಾಟುತ್ತಲೇ ಹೋಗುತ್ತದೆ. ಬಜೆಟ್ ಸುದ್ದಿ ಕೇಳಿ "ಎಲ್ಲರದೂ ನಿಂತಿರಬೇಕು ಬಿಡು" ಅಂತ ಸುಮ್ನೆ ಕೂತು, ಆರು ತಿಂಗಳು ಕಳೆದ ಮೇಲೆ ತನ್ನೊಬ್ಬಳದೇ ನಿಂತಿದೆ ಎಂದು ಗೊತ್ತಾದ ಅಜ್ಜಿಯರನ್ನು ನಾನು ನೋಡಿದ್ದೇನೆ.

ಇನ್ನು ಕಡಿತದ ಮಾತು. ಕಡಿತದಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳಲಾರೆ. ಆಗುತ್ತದೆ, ಆದರೆ ಮಂದಿ ಅಂದುಕೊಂಡ ಹಾಗೆ ಅಲ್ಲ.

ಈ 800 ರೂಪಾಯಿ ಎಲ್ಲಿಂದ ಬರುತ್ತದೆ ನೋಡಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರು ಮಾಡಿತು. ಬಡತನ ರೇಖೆಗಿಂತ ಕೆಳಗಿರುವ, 40 ವರ್ಷ ದಾಟಿದ ವಿಧವೆಯರಿಗೆ ಮತ್ತು ತೀವ್ರ ಅಂಗವಿಕಲರಿಗೆ ಇದರಿಂದ ತಿಂಗಳಿಗೆ 300 ರೂಪಾಯಿ ಬರುತ್ತದೆ. 60ರಿಂದ 79 ವರ್ಷದ ವೃದ್ಧರಿಗೆ 200, 80 ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. 65 ದಾಟಿದವರಿಗೆ ಇರುವ ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು, ಅದು ರಾಜ್ಯದ್ದೇ ಯೋಜನೆ. 2021ರಲ್ಲಿ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಕೂಡಲೇ ಅದನ್ನು 1,000ದಿಂದ 1,200ಕ್ಕೆ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು.

ಈಗ ವೃದ್ಧರಿಗೆ ಕೇಂದ್ರ ಕೊಡುವ ಆ 200 ರೂಪಾಯಿಯನ್ನು ಇನ್ನೊಮ್ಮೆ ನೋಡಿ. 2007ರಲ್ಲೂ 200, ಇವತ್ತೂ 200. ಯಾರೂ ಕಡಿತ ಮಾಡಿಲ್ಲ, ಅಲ್ವಾ? ಆದರೆ 2007ರ ಸಂತೆಯಲ್ಲಿ 200 ರೂಪಾಯಿಗೆ ಬರುತ್ತಿದ್ದ ಜೋಳ, ತೊಗರಿಬೇಳೆ, ಎಣ್ಣೆ ಇವತ್ತು ಬರುತ್ತದೆಯೇ? ಈ ಇಡೀ ಕಾರ್ಯಕ್ರಮಕ್ಕೆ ಕೇಂದ್ರ ಬಜೆಟ್‌ನಲ್ಲಿ ಇಡುವ ಹಣವೂ ಕೆಲವು ವರ್ಷಗಳಿಂದ 9,600 ಕೋಟಿ ರೂಪಾಯಿಯ ಆಸುಪಾಸಿನಲ್ಲೇ ನಿಂತಿದೆ. ದೇಶದಲ್ಲಿ ಸುಮಾರು 3.09 ಕೋಟಿ ಮಂದಿಗೆ ಮಾತ್ರ ಎಂಬ ಮಿತಿಯೂ ಇದೆ. ಆ ಮಿತಿ ದಾಟಿದವರ ಭಾರ ರಾಜ್ಯದ ಮೇಲೆ. ನನ್ನ ಪ್ರಕಾರ ಬಡವರಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ಈ ಥರದ ಕಡಿತ. ಪೇಪರ್‌ನಲ್ಲಿ ಇದು ಕಡಿತ ಅಂತ ಬರುವುದಿಲ್ಲ. ಅಂಕಿ ಅಲ್ಲೇ ಇರುತ್ತದೆ, ತಟ್ಟೆಯಲ್ಲಿನ ಊಟ ಮಾತ್ರ ಕಡಿಮೆ ಆಗುತ್ತಾ ಹೋಗುತ್ತದೆ.

ಎರಡನೇ ಪೆಟ್ಟು ಬೀಳುವುದು ಕಚೇರಿಯಲ್ಲಿ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಹಾಗಾಗಿ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಂಚಣಿ ಅರ್ಜಿ ನಾಡಕಚೇರಿಗೆ ಹೋಗುತ್ತದೆ. ಊರಿನ ತಲಾಟಿ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ಮನೆ ನೋಡಿ ವರದಿ ಕೊಡಬೇಕು. ಆಮೇಲೆ ಸರ್ಕಲ್ ಸಾಹೇಬರು, ಅಂದರೆ ಕಂದಾಯ ನಿರೀಕ್ಷಕರು, ಆಮೇಲೆ ತಹಶೀಲ್ದಾರ್ ಕಡೆಯಿಂದ ಆದೇಶ. ಹಣ ಖಜಾನೆಯಿಂದ ನೇರ ಖಾತೆಗೆ ಬರುತ್ತದೆ ನಿಜ, ಆದರೆ ಅದಕ್ಕೆ ಮುಂಚಿನ ಪ್ರತಿ ಹೆಜ್ಜೆಯಲ್ಲೂ ಒಬ್ಬ ಮನುಷ್ಯ ಕೂತಿರಬೇಕು. ಸರ್ಕಾರ ಖರ್ಚು ಹಿಡಿಯಲು ಹೊರಟಾಗ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದೇ. ಖಾಲಿ ಹುದ್ದೆ ತುಂಬುವುದನ್ನು ಮುಂದೆ ಹಾಕುತ್ತಾರೆ. ಒಬ್ಬರಿಗೆ ಎರಡು ಮೂರು ಕಡೆ ಚಾರ್ಜ್ ಕೊಡುತ್ತಾರೆ. ಕಂಪ್ಯೂಟರ್, ಪ್ರಿಂಟರ್ ಕೆಟ್ಟರೆ ರಿಪೇರಿಗೆ ವಾರಗಟ್ಟಲೆ ಹಿಡಿಯುತ್ತದೆ. ಪಿಂಚಣಿಯ ಒಂದು ರೂಪಾಯಿಯನ್ನೂ ಯಾರೂ ಮುಟ್ಟಿರುವುದಿಲ್ಲ. ಅರ್ಜಿ ಮಾತ್ರ ಮೇಜಿನ ಮೇಲೇ ಇರುತ್ತದೆ.

ಅಲ್ಲಿ ಕೂತವರ ಕಷ್ಟವೂ ಸಣ್ಣದಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಮಾಡಿದ್ದು ನೆನಪಿರಬಹುದು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತೀರಿ, ಅದಕ್ಕೆ ಬೇಕಾದ ಸೌಲಭ್ಯ ಕೊಡುವುದಿಲ್ಲ ಎನ್ನುವುದು ಅವರ ದೂರು. ಅದರಲ್ಲಿ ನ್ಯಾಯ ಇದೆ. ಹೊಸ ತಾಲ್ಲೂಕು ಮಾಡಿದ್ದೂ ಒಳ್ಳೆಯದೇ. ಲಕ್ಷ್ಮೇಶ್ವರ, ಗಜೇಂದ್ರಗಡ, ಅಣ್ಣಿಗೇರಿ, ರಟ್ಟಿಹಳ್ಳಿ ತಾಲ್ಲೂಕು ಆಗಿದ್ದರಿಂದ ದಾರಿ ಹತ್ತಿರವಾಯಿತು. ಆದರೆ ಹೋದಾಗ ಕುರ್ಚಿಯಲ್ಲಿ ಜನ ಇದ್ದರೆ ತಾನೇ ಹತ್ತಿರವಾದದ್ದಕ್ಕೆ ಬೆಲೆ?

ನಮ್ಮ ದೊಡ್ಡವ್ವನ ಅರ್ಜಿಗಾಗಿ ಒಂದು ಕಚೇರಿಗೆ ನಾನು ಮೂರು ಸಲ ಅವರನ್ನು ಕರೆದುಕೊಂಡು ಹೋಗಿದ್ದೆ. ಮೊದಲ ಸಲ ಸಾಹೇಬರು ಬೇರೆ ಕಡೆ ಚಾರ್ಜ್‌ನಲ್ಲಿದ್ದರು. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಕೆಲಸ ಆಯಿತು, ಸಿಕ್ಕ ನೌಕರರು ತುಂಬಾ ಒಳ್ಳೆಯವರು. ಆದರೆ ಲೆಕ್ಕ ಹಾಕಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ. ಜೊತೆಗೆ ಹೋಗುವ ಮಗನ ಕೂಲಿ ಹೋಗುತ್ತದೆ. 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೂರು ದಿನಕ್ಕೆ 1,110. ಅವ್ವನ ಒಂದು ತಿಂಗಳ ವಿಧವಾ ವೇತನಕ್ಕಿಂತ ಜಾಸ್ತಿ! ಸರ್ಕಾರ ಕಚೇರಿಯಲ್ಲಿ ಉಳಿಸಿದ ಹಣವನ್ನು ಈ ಮನೆಗಳು ತಮ್ಮ ಕೂಲಿಯಿಂದ ತುಂಬುತ್ತವೆ. ಇದು ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ.

ಕೇಂದ್ರದ ಕಾರ್ಯಕ್ರಮದಲ್ಲಿ ಆಡಳಿತದ ಖರ್ಚಿಗೆ ಅಂತ ಇರುವುದು ಶೇಕಡಾ 3. ಇಷ್ಟು ಸಣ್ಣ ಗಂಟಿನಲ್ಲೂ ಹಣ ಬೇರೆ ಕಡೆ ಹೋದದ್ದಿದೆ. ಬೇರೆ ಯೋಜನೆಗಳ ಪ್ರಚಾರಕ್ಕೆ ಈ ಕಾರ್ಯಕ್ರಮದ 2.83 ಕೋಟಿ ರೂಪಾಯಿ ಬಳಸಿದ್ದನ್ನು 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಎತ್ತಿ ತೋರಿಸಿತು. ಅದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮೂರನೆಯದು ಪರಿಶೀಲನೆ. ಹಣ ಬಿಗಿಯಾದಾಗ "ಅನರ್ಹರನ್ನು ತೆಗೆಯಿರಿ" ಎಂಬ ಸೂಚನೆ ಬರುತ್ತದೆ. ಅನರ್ಹರನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಹೋಗಿ ನೋಡಲು ಜನ ಇಲ್ಲದಾಗ ಕಂಪ್ಯೂಟರ್ ಪಟ್ಟಿಯೇ ತೀರ್ಪು ಆಗುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಅರ್ಹರೇ ಸಿಕ್ಕಿಬೀಳುತ್ತಾರೆ. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರ ಥಂಬ್ ಮಷೀನ್ ತಗೊಳ್ಳುವುದಿಲ್ಲ. ಅವರು ಊರಲ್ಲೇ ಬ್ಯಾಂಕ್ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನ ಮುಂದೆ ನಿಂತು ಬರಿಗೈಲಿ ವಾಪಸ್ ಬರುತ್ತಾರೆ.

ಈಗ ನಿಮ್ಮ ಅವ್ವನ ವಿಷಯಕ್ಕೆ ಬರುತ್ತೇನೆ. ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕೊನೆಯ ಜಮೆ ಯಾವ ತಿಂಗಳು ಅಂತ ನೋಡಿ. ಇತ್ತೀಚೆಗೆ ಸಂಘದ ಸಾಲಕ್ಕೋ ಗೃಹಲಕ್ಷ್ಮಿಗೋ ಅವ್ವ ಬೇರೆ ಬ್ಯಾಂಕ್‌ನಲ್ಲಿ ಖಾತೆ ತೆರೆದಿದ್ದಾರೆಯೇ? ಆಧಾರ್ ಆಧರಿಸಿ ಬರುವ ಹಣ ಯಾವ ಖಾತೆ ಆಧಾರ್‌ಗೆ ಲಿಂಕ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಿಂತಿದೆ ಅಂದುಕೊಂಡ ಹಣ ಹೊಸ ಖಾತೆಯಲ್ಲಿ ಬಿದ್ದಿರುವುದು ಎಷ್ಟೋ ಸಲ ಆಗಿದೆ. ಅದೂ ಅಲ್ಲ ಅಂದರೆ ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಪಿಂಚಣಿ ಕಂದಾಯ ಇಲಾಖೆಯದು. ಹಾಗಾಗಿ ಅಂಗನವಾಡಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಸ ಅರ್ಜಿ ಹಾಕುವವರಾದರೆ ಸಕಾಲ ಸಂಖ್ಯೆ ಇರುವ ಚೀಟಿ ಜೋಪಾನ ಮಾಡಿ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಎನ್ನುವ 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ, ಆದರೆ ಆ ಸಂಖ್ಯೆ ಇದ್ದರೆ ಅರ್ಜಿ ಬಂದೇ ಇಲ್ಲ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ತಹಶೀಲ್ದಾರರು ಪಿಂಚಣಿ ಅದಾಲತ್ ನಡೆಸುತ್ತಾರೆ. ನಿಮ್ಮ ಹೋಬಳಿಗೆ ಯಾವಾಗ ಅಂತ ತಲಾಟಿಯನ್ನು ಕೇಳಿಟ್ಟುಕೊಳ್ಳಿ. ಓಣಿಯಲ್ಲಿ ಇನ್ನೂ ಮೂರ್ನಾಲ್ಕು ಮಂದಿಯದು ನಿಂತಿದ್ದರೆ ಎಲ್ಲರ ಕಾಗದ ಕೂಡಿಸಿಕೊಂಡು ಒಬ್ಬರೇ ಹೋಗಿ ವಿಚಾರಿಸಿ. ಉಳಿದ ಮನೆಗಳ ಒಂದೊಂದು ದಿನದ ಕೂಲಿ ಉಳಿಯುತ್ತದೆ.