ಯುಡಿಐಡಿ ಕಾರ್ಡ್ ಬಂದಿದೆ, ಮಾಸಾಶನ ಏಕೆ ಬಂದಿಲ್ಲ?

ಪ್ರಶ್ನೆ: ಮಗಳಿಗೆ 18 ತುಂಬಿತು. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಕೈಸೇರಿ ಎಂಟು ತಿಂಗಳಾದರೂ ಖಾತೆಗೆ ಮಾಸಾಶನ ಜಮೆಯಾಗಿಲ್ಲ. ಯಾರನ್ನು ಕೇಳಬೇಕು?

ಇದೇ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಕಾರ್ಡ್ ಬಂದರೆ ಹಣವೂ ತಾನಾಗಿಯೇ ಬರುತ್ತದೆಂದು ನಂಬಿ, ಅರ್ಜಿಯನ್ನೇ ಹಾಕದೆ ಕಾಯುತ್ತಿರುವ ಮನೆಗಳು ಇನ್ನೂ ಇವೆ.

ಯುಡಿಐಡಿ ಗುರುತಿನ ದಾಖಲೆಯೇ ಹೊರತು ಮಂಜೂರಾತಿ ಆದೇಶವಲ್ಲ. ಅಂಗವೈಕಲ್ಯದ ಪ್ರಮಾಣವನ್ನು ಅಳೆಯುವವರು ವೈದ್ಯರು. ಕರ್ನಾಟಕದಲ್ಲಿ ಮಾಸಾಶನ ಮಂಜೂರು ಮಾಡುವುದು ಕಂದಾಯ ಇಲಾಖೆ. ವೈದ್ಯರು ನಿಮ್ಮ ಮನೆಯ ಆದಾಯವನ್ನು ಕೇಳುವುದಿಲ್ಲ, ಕಂದಾಯ ಇಲಾಖೆ ಅದನ್ನು ನೋಡದೆ ಮುಂದುವರಿಯುವುದಿಲ್ಲ. ಕಾರ್ಡಿನ ಮೇಲಿನ ಬಣ್ಣದ ಪಟ್ಟಿಯನ್ನು ಗಮನಿಸಿ: ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಆ ಬಣ್ಣ ಹೇಳುವುದು ಪ್ರಮಾಣವನ್ನು ಮಾತ್ರ. ನೀಲಿ ಪಟ್ಟಿಯಿದ್ದರೆ ಅರ್ಜಿ ಬೇಡವೆಂಬ ಮಾತನ್ನು ದಯವಿಟ್ಟು ಇನ್ನು ಯಾರಿಗೂ ದಾಟಿಸಬೇಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ಶೇ. 80 ಅಂಗವೈಕಲ್ಯ ಬೇಕೆಂಬುದು ನಿಜ, ಆದರೆ 18 ವರ್ಷ ತುಂಬಿರಬೇಕು, ಕುಟುಂಬ ಬಡತನ ರೇಖೆಗಿಂತ ಕೆಳಗಿರಬೇಕು ಎಂಬ ಷರತ್ತುಗಳೂ ಅದರ ಜೊತೆಗಿವೆ. ಇವನ್ನೆಲ್ಲ ಕಾರ್ಡ್ ಹೇಗೆ ಹೇಳೀತು?

ಆದ್ದರಿಂದ ಆದಾಯ ಪ್ರಮಾಣಪತ್ರ, ಆಧಾರ್, ಮಗಳ ಹೆಸರಿನ ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಚೀಟಿಯನ್ನು ಮರೆಯದೆ ಪಡೆಯಿರಿ. ಹೊರಡುವ ಮುನ್ನ ಅಂಗವೈಕಲ್ಯ ಪ್ರಮಾಣಪತ್ರದ ಅವಧಿಯನ್ನು ನೋಡಿಕೊಳ್ಳಿ. ಚಿಕ್ಕಂದಿನಲ್ಲಿ ಕೊಟ್ಟದ್ದು ಎಷ್ಟೋ ಬಾರಿ ತಾತ್ಕಾಲಿಕವಾಗಿರುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. 18 ತುಂಬಿದ ದಿನವೇ ಕಾನೂನಿನ ಕಣ್ಣಿನಲ್ಲಿ ನಿಮ್ಮ ಮಗಳು ವಯಸ್ಕಳು; ತಾಯ್ತಂದೆಯರ ಸಹಜ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿದ್ದು ಅಗತ್ಯವೂ ಇದ್ದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವಕ್ಕಾಗಿ ಅರ್ಜಿ ಸಲ್ಲಿಸಬಹುದು. ಆದರೆ ಕಾಲಿನ ಅಥವಾ ಕಿವಿಯ ತೊಂದರೆ ಮಾತ್ರ ಇರುವ ಮಗಳಿಗೆ ಪಾಲಕರನ್ನು ನೇಮಿಸುವ ಪ್ರಶ್ನೆಯೇ ಇಲ್ಲ. ಮಾಸಾಶನದ ಅರ್ಜಿಗೆ ಸಹಿ ಹಾಕುವವಳು ಅವಳೇ, ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತುವವಳೂ ಅವಳೇ.